ಫೋಟೊದಲ್ಲಿರುವ ಕತ್ತಿ ನಮ್ಮದಲ್ಲ

ಎರಡು ವರ್ಷದ ಹಿಂದೆ ಆಯುಧಪೂಜೆಯ ಹಿಂದಿನ ದಿನ, ಬೆಳಿಗ್ಗೆ ಹತ್ತೂವರೆಗೂ ಹನ್ನೊಂದಕ್ಕೂ ನಡುವೆ, ಒಂಟಿಕೊಪ್ಪಲಿನ ನಮ್ಮ ಮನೆಯ ಹಿತ್ತಲಿನಿಂದ ಒಂದು ಹಳೆಯ ಕತ್ತಿ ಕಳುವಾಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನು ಒಣಗಲು ಇಟ್ಟಿತ್ತು.

ಇಟ್ಟವರು ನನ್ನ ಸೋದರತ್ತೆ. ಆಗ ಅವರಿಗೆ ಎಂಬತ್ತೊಂದು ವರ್ಷ. ಕತ್ತಿ ಅವರ ತಂದೆಯದು, ಅಂದರೆ ನನ್ನ ತಾತನದು. ತಾತ ಅರಮನೆಯ ಕುದುರೆ ಲಾಯದಲ್ಲಿ ಜಮಾದಾರರಾಗಿದ್ದವರು. ಅತ್ತೆ ಮದುವೆಯಾದ ಮೂರನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದರು. ಆ ಕಾಲದ ಮನೆ. ಹಬ್ಬ ಬಂದರೆ ಅವರು ಅಡುಗೆಮನೆಯ ಬಾಗಿಲು ದಾಟುವಂತಿರಲಿಲ್ಲ. ಅವರು ಬಂದ ಮೊದಲ ಆಯುಧಪೂಜೆಗೆ ತಾತ ಕತ್ತಿಯನ್ನು ಗೋಡೆಯಿಂದ ಇಳಿಸಿ, ಎಲ್ಲರೆದುರು ಮಗಳ ಕೈಗೆ ಕೊಟ್ಟು, ಇನ್ನು ಮುಂದೆ ಇದನ್ನು ಮುಟ್ಟುವುದು ಇವಳೊಬ್ಬಳೇ ಎಂದರಂತೆ. ಅಜ್ಜಿ ಎರಡು ದಿನ ಊಟ ಬಿಟ್ಟರೂ ತಾತ ಮಾತು ಬದಲಿಸಲಿಲ್ಲ. ಅಂದಿನಿಂದ ಕತ್ತಿಯ ಪೂಜೆ ಅತ್ತೆಯದು. ಮನೆಯಲ್ಲಿ ಬೇರೆ ಯಾವ ಪೂಜೆಯೂ ಅವರದಲ್ಲದ ವರ್ಷಗಳಲ್ಲೂ ಅದು ಅವರದೇ ಆಗಿತ್ತು.

ಕ್ರಮ ಹೀಗೆ. ಹಬ್ಬದ ಹಿಂದಿನ ದಿನ ಕತ್ತಿಯನ್ನು ಒರೆಯಿಂದ ಈಚೆ ತೆಗೆಯಬೇಕು. ನೆನೆಸಿದ ಹುಣಸೆಹಣ್ಣು ಮತ್ತು ಒಲೆಯ ಬೂದಿಯಿಂದ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಎಳ್ಳೆಣ್ಣೆ ಒರೆಸಬೇಕು. ಮರುದಿನ ಬರಿಯ ಕತ್ತಿಗೇ ಪೂಜೆ. ವಿಜಯದಶಮಿಯ ಸಂಜೆ ಮತ್ತೆ ಒರೆಗೆ. ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಬೂದಿಗಾಗಿ ಅತ್ತೆ ಬೀದಿಯ ಕೊನೆಯ ಇಸ್ತ್ರಿ ಅಂಗಡಿಗೆ ಹೋಗುತ್ತಿದ್ದರು. ಸುಮಾರು ಅರವತ್ತು ವರ್ಷ ಈ ಕ್ರಮ ತಪ್ಪಿರಲಿಲ್ಲ. ಆ ದಿನ ಕತ್ತಿಯನ್ನು ಬಿಸಿಲಿಗಿಟ್ಟು ಎಣ್ಣೆ ಬಟ್ಟಲು ತರಲು ಒಳಗೆ ಹೋದವರು, ಫೋನ್ ಬಂತೆಂದು ಸ್ವಲ್ಪ ಹೊತ್ತು ನಿಂತರು. ಹಿಂದಿರುಗಿದಾಗ ಕಲ್ಲಿನ ಮೇಲೆ ನೀರಿನ ಗುರುತು ಮಾತ್ರ ಇತ್ತು.

ನಾನು ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ದೂರು ಬರೆಯುವುದು ನನ್ನ ಪಾಲಿಗೆ ಬಂತು. ಕತ್ತಿಯ ವಿವರ ಬೇಕಿತ್ತು. ವರ್ಷಕ್ಕೊಮ್ಮೆ ನೋಡಿದ್ದೆ, ನಿಜ. ಆದರೆ ಹೂವು, ಗಂಧ, ಕುಂಕುಮದ ಕೆಳಗೆ. ಹಾಗಾಗಿ ನಾನು ಕಾಗದ ಹುಡುಕಿದೆ. ತಾತನ ಪೆಟ್ಟಿಗೆಯಲ್ಲಿ ಅವರದೇ ಕೈಬರಹದ ಒಂದು ಪಟ್ಟಿ ಸಿಕ್ಕಿತು. ಅದರಲ್ಲಿ ಸ್ಪಷ್ಟವಾಗಿತ್ತು: ಕತ್ತಿ ಒಂದು, ಹಿಡಿಯ ಮೇಲೆ ಬೆಳ್ಳಿಯ ಗಂಡಭೇರುಂಡ. ಅದನ್ನು ಹಾಗೆಯೇ ದೂರಿಗೆ ಇಳಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

"ಹಕ್ಕಿ ಈಗ ಎಲ್ಲಿದ್ಯೋ ಅದ್ರ ಮೇಲೆ?" ಎಂದರು.

ತಾತನ ಅಕ್ಷರದಲ್ಲೇ ಇದೆ ಅತ್ತೆ ಎಂದೆ. ಅವರು ಇನ್ನೊಂದು ಮಾತು ಸೇರಿಸಿದರು. ಒರೆ ಗೋಡೆಯ ಮೇಲೇ ಇದೆ, ಅದನ್ನೂ ಬರಿ ಎಂದರು. ಒರೆ ಕಳುವಾಗಿಲ್ಲವಲ್ಲ, ಕಳುವಾಗದ್ದನ್ನು ದೂರಿನಲ್ಲಿ ಬರೆಯುವ ಹಾಗಿಲ್ಲ ಎಂದು ನಾನು ಹೇಳಿದೆ. ಇವೆರಡೂ ಮಾತು ನಾನು ಆಡಿದವು. ಮುಂದಿನದನ್ನೆಲ್ಲ ಬರೆಯುವಾಗ ಇದನ್ನು ಬಿಡುವಂತಿಲ್ಲ.

ಠಾಣೆಯಲ್ಲಿ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್ ಒಬ್ಬರಿದ್ದರು. ಎಲ್ಲರೂ ಅವರನ್ನು ರೈಟರ್ ಎನ್ನುತ್ತಿದ್ದರು. ದೂರನ್ನು ಎರಡು ಸಲ ಓದಿ, ಕತ್ತಿ ಇಟ್ಟುಕೊಳ್ಳಲು ಲೈಸೆನ್ಸ್ ಇದೆಯೇ ಎಂದು ಕೇಳಿದರು. ಪೂಜೆಯ ಕತ್ತಿ ಎಂದೆ. ಪೂಜೆ ಮಾಡಿದರೆ ಕತ್ತಿ ಕಡಿಯುವುದಿಲ್ಲವೇ ಎಂದರು. ಎಷ್ಟು ಉದ್ದ, ಅಂಚು ಹರಿತವಿದೆಯೇ, ಮನೆಯಲ್ಲಿ ಬೇರೆ ಆಯುಧಗಳಿವೆಯೇ ಎಂದು ಒಂದೊಂದಾಗಿ ಕೇಳುತ್ತ ಹೋದರು. ಕಳ್ಳನ ಬಗ್ಗೆ ಯಾರೂ ವಿಚಾರಿಸಲಿಲ್ಲ. ದೂರು ದಾಖಲಾಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಮರುದಿನ ಅತ್ತೆ ಖಾಲಿ ಒರೆಯನ್ನು ಮಣೆಯ ಮೇಲಿಟ್ಟು ಪೂಜೆ ಮಾಡಿದರು. ಬೂದುಗುಂಬಳ ಒಡೆಯಲಿಲ್ಲ.

ಶಿವರಾತ್ರಿ ಕಳೆದ ವಾರ ಠಾಣೆಯಿಂದ ಫೋನ್ ಬಂತು. ನಮ್ಮೂರಿನದೇ ಹೆಬ್ಬಾಳದ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ ಒಬ್ಬ ಸಿಕ್ಕಿಬಿದ್ದಿದ್ದ. ಹಳೇ ಪಾತ್ರೆ ಕೊಳ್ಳುವ ನೆಪದಲ್ಲಿ ಬೀದಿ ಸುತ್ತಿ, ಹಳೆಯ ಮನೆಗಳಿಂದ ಕತ್ತಿ, ಬಾಕು, ಭಲ್ಲೆಯ ಮೊನೆ ಎತ್ತಿ ಹೊರಗಿನ ಊರಿನವರಿಗೆ ಮಾರುತ್ತಿದ್ದನಂತೆ. ಕೋಣೆಯಲ್ಲಿ ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಟ್ಟ ಮೂರು ಕತ್ತಿ, ಎರಡು ಬಾಕು ಸಿಕ್ಕಿದ್ದವು. ಶನಿವಾರ ಅಜ್ಜಿಯನ್ನು ಕರೆದುಕೊಂಡು ಬನ್ನಿ, ಸಾಹೇಬರ ಕೈಯಿಂದಲೇ ವಾಪಸ್ ಕೊಡಿಸುತ್ತೇವೆ ಎಂದರು ರೈಟರ್. ಕಳುವಾಗಿ ಸಿಕ್ಕ ಮಾಲನ್ನು ಜನರಿಗೆ ಒಟ್ಟಿಗೆ ಹಿಂದಿರುಗಿಸುವ ಕಾರ್ಯಕ್ರಮ ಅದು.

ಅತ್ತೆ ಮದುವೆ ಮನೆಗೆ ಉಡುವ ಸೀರೆ ಉಟ್ಟರು. ಒರೆಯನ್ನೂ ತರುತ್ತೇನೆ ಎಂದರು. ಬೇಡ ಅತ್ತೆ, ಅಲ್ಲಿ ಗೊಂದಲವಾಗುತ್ತದೆ ಎಂದು ನಾನೇ ಬಿಡಿಸಿದೆ.

ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬೈಕುಗಳು ಸಾಲಾಗಿದ್ದವು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಸರಗಳು, ಮೊಬೈಲುಗಳು, ಕೊನೆಯಲ್ಲಿ ಕತ್ತಿಗಳು. ಒಂದು ಕತ್ತಿಯ ಹಿಡಿಯ ಮೇಲೆ ಬೆಳ್ಳಿಯ ಗಂಡಭೇರುಂಡ ಥಳಥಳ ಹೊಳೆಯುತ್ತಿತ್ತು. ಅದಕ್ಕೆ ನಮ್ಮ ದೂರಿನ ಸಂಖ್ಯೆಯ ಚೀಟಿ ಕಟ್ಟಿದ್ದರು. ಅತ್ತೆಯನ್ನು ಹೆಸರು ಹಿಡಿದು ಕರೆದು, ಹಿರಿಯ ಅಧಿಕಾರಿಯ ಪಕ್ಕ ನಿಲ್ಲಿಸಿ, ಕತ್ತಿಯನ್ನು ಎರಡೂ ಕೈಗೆ ಕೊಟ್ಟರು. ಕ್ಯಾಮೆರಾಗಳ ಸದ್ದಾಯಿತು. ಅತ್ತೆ ಕತ್ತಿಯನ್ನು ಒಮ್ಮೆ ತೂಗಿ ನೋಡಿದರು. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದರು, ಬಿಟ್ಟರು.

"ಇದು ನಮ್ದಲ್ಲ ಕಣಪ್ಪ," ಎಂದರು ಅಧಿಕಾರಿಗೆ.

ಅಧಿಕಾರಿ ನಗುತ್ತಲೇ ಇದ್ದರು, ಕ್ಯಾಮೆರಾ ಕಡೆಗೆ. ರೈಟರ್ ಓಡಿ ಬಂದು, ಕಡತ ತೆರೆದು ನನ್ನ ದೂರನ್ನೇ ನನಗೆ ತೋರಿಸಿದರು.

"ಬರೆದಿರೋರು ನೀವೇ ತಾನೆ ಸಾರ್? ಬೆಳ್ಳಿ ಹಕ್ಕಿ ಅಂತ. ಹಕ್ಕಿ ಇರೋದು ಇದೊಂದ್ರಲ್ಲೇ ಕಣ್ರೀ."

ಅತ್ತೆ ಮೇಜಿನ ಮೇಲಿದ್ದ ಇನ್ನೊಂದು ಕತ್ತಿಯನ್ನು ತೋರಿಸಿದರು. ನುಣ್ಣಗೆ ಸವೆದ ಹಿಡಿ, ಚಿತ್ರವಿಲ್ಲ, ಕೆಲಸವಿಲ್ಲ. ಅದಕ್ಕೆ ಯಾವ ದೂರಿನ ಚೀಟಿಯೂ ಇರಲಿಲ್ಲ. ವಾರಸುದಾರರು ಪತ್ತೆಯಾಗಿಲ್ಲ ಎಂದು ಬರೆದಿತ್ತು. ಆ ಕ್ಷಣ ನನಗೆ ಎಲ್ಲವೂ ಅರ್ಥವಾಯಿತು. ಅರವತ್ತು ವರ್ಷ ಹುಣಸೆಹಣ್ಣು ಮತ್ತು ಬೂದಿಯಿಂದ ತಿಕ್ಕಿದ ಹಿಡಿ ಅದು. ಹಕ್ಕಿಯನ್ನು ಅತ್ತೆಯೇ ವರ್ಷಕ್ಕಿಷ್ಟು ತೊಳೆದು ಕಳೆದಿದ್ದರು. ತಾತನ ಪಟ್ಟಿ ಸುಳ್ಳಲ್ಲ, ಹಳೆಯದು. ದಿನಾಂಕವಿಲ್ಲದ ಕಾಗದವನ್ನು ನಂಬಬೇಡಿ ಎಂದು ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತಿದ್ದವನು ನಾನು.

ಇದನ್ನು ರೈಟರ್‌ಗೆ ವಿವರಿಸಿದೆ. ಅವರು ಸಮಾಧಾನವಾಗಿ ಕೇಳಿದರು. ಹಕ್ಕಿಯಿರುವ ಕತ್ತಿ ಬೆಲೆಬಾಳುವುದು, ಅದು ಬೇಡ, ಸವೆದದ್ದು ಬೇಕು ಎನ್ನುವವರನ್ನು ತಮ್ಮ ಸರ್ವಿಸ್‌ನಲ್ಲಿ ನೋಡಿಲ್ಲ ಎಂದರು. ಕೊಟ್ಟದ್ದನ್ನು ತೆಗೆದುಕೊಂಡು ಹೋಗಿ, ಕತ್ತಿ ಕತ್ತಿಯೇ ಅಲ್ಲವೇ ಎಂಬ ಧಾಟಿಯಲ್ಲಿ ಇನ್ನಿಬ್ಬರು ಮಾತಾಡಿದರು. ಆಮೇಲೆ ತಿಳಿದದ್ದು ಇನ್ನೊಂದು. ನ್ಯಾಯಾಲಯದ ಆದೇಶ ಇನ್ನೂ ಬಂದಿರಲಿಲ್ಲ. ಫೋಟೊ ಮುಗಿದ ಮೇಲೆ ಎಲ್ಲ ಕತ್ತಿಗಳನ್ನೂ ಮತ್ತೆ ಹೊದಿಕೆಯಲ್ಲಿ ಸುತ್ತಿ ಜೀಪಿಗೆ ಹಾಕಿದರು. ಅತ್ತೆಯ ಕೈಯಲ್ಲಿ ಉಳಿದದ್ದು ಕಾರ್ಯಕ್ರಮದವರು ಕೊಟ್ಟ ನೀರಿನ ಬಾಟಲಿ.

ಮರುದಿನ ಪತ್ರಿಕೆಯಲ್ಲಿ ಫೋಟೊ ಬಂತು. ಗಂಡಭೇರುಂಡದ ಕತ್ತಿ ಹಿಡಿದ ಅತ್ತೆ, ಪಕ್ಕದಲ್ಲಿ ಅಧಿಕಾರಿ. ಮನೆತನದ ಕತ್ತಿ ಮರಳಿ ಪಡೆದು ಆನಂದಬಾಷ್ಪ ಸುರಿಸಿದ ವೃದ್ಧೆ ಎಂದು ಅಡಿಬರಹ. ಅತ್ತೆ ಅತ್ತಿರಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು. ನಾನು ದುಡಿದ ಸುದ್ದಿಮನೆಗೇ ಫೋನ್ ಮಾಡಿದೆ. ಪೊಲೀಸ್ ಪ್ರಕಟಣೆಯಲ್ಲಿ ಹಾಗೇ ಇತ್ತು ಸಾರ್ ಎಂದರು. ತಿದ್ದುಪಡಿ ಹಾಕುವಂತೆ ಕೇಳಿದೆ, ವಾಕ್ಯವನ್ನೂ ನಾನೇ ಹೇಳಿ ಬರೆಸಿದೆ. ಮೂರನೇ ದಿನ ಒಳಪುಟದ ಮೂಲೆಯಲ್ಲಿ ಬಂತು: ಫೋಟೊದಲ್ಲಿರುವ ಕತ್ತಿ ತಮ್ಮದಲ್ಲ ಎಂದು ವೃದ್ಧೆ ತಿಳಿಸಿದ್ದಾರೆ. ನಾನು ಹೇಳಿದ್ದರ ಮೊದಲ ಅರ್ಧ ಅದು. ತಮ್ಮ ಕತ್ತಿ ಠಾಣೆಯಲ್ಲಿರುವ ಇನ್ನೊಂದು ಎಂಬ ಉಳಿದರ್ಧವನ್ನು ಜಾಗವಿಲ್ಲವೆಂದು ಕತ್ತರಿಸಿದ್ದರು. ಹಾಗೆ ಕತ್ತರಿಸುವುದನ್ನು ನಾನೇ ಎಷ್ಟೋ ಜನರಿಗೆ ಕಲಿಸಿದ್ದೆ.

ಅದರ ಪರಿಣಾಮ ಹದಿನೈದು ದಿನದಲ್ಲಿ ಗೊತ್ತಾಯಿತು. ಠಾಣೆಗೆ ಹೋದಾಗ ರೈಟರ್ ಕಡತದಲ್ಲಿ ಎರಡೂ ತುಣುಕುಗಳನ್ನು ಅಂಟಿಸಿದ್ದರು. ಮೊದಲನೆಯದರ ಪ್ರಕಾರ ಅತ್ತೆ ಕತ್ತಿ ಪಡೆದಿದ್ದಾರೆ. ಎರಡನೆಯದರ ಪ್ರಕಾರ ಸಿಕ್ಕಿದ ಕತ್ತಿ ಅವರದಲ್ಲ. ಎರಡೂ ಕಡೆಯಿಂದಲೂ ನಮಗೆ ಬರಬೇಕಾದದ್ದು ಏನೂ ಉಳಿದಿರಲಿಲ್ಲ. ಹೊಸ ಹೇಳಿಕೆ ಕೊಡಿ ಎಂದರು. ಕೊಟ್ಟೆವು. ಅದರಲ್ಲಿ ಹಕ್ಕಿ ಹುಣಸೆಹಣ್ಣಿನಿಂದ ಸವೆದಿದೆ ಎಂದಿದ್ದದ್ದನ್ನು ಮೇಲಿನವರು ಓದಿ, ಬೆಳ್ಳಿ ಹುಣಸೆಹಣ್ಣಿನಲ್ಲಿ ಕರಗುತ್ತದೆಯೇ ಎಂದು ತಜ್ಞರ ಅಭಿಪ್ರಾಯ ಪಡೆಯಲು ಬರೆದರು. ತಜ್ಞರು ಯಾರು ಎಂದು ತೀರ್ಮಾನವಾಗಲು ಬೇಸಿಗೆ ಮುಗಿಯಿತು. ಇದರ ನಡುವೆ ಗಂಡಭೇರುಂಡದ ಕತ್ತಿ ತಮ್ಮದೆಂದು ಸರಸ್ವತಿಪುರಂನ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಪತ್ರಿಕೆಯ ಫೋಟೊ ನೋಡಿ ಬಂದವರು. ನಮ್ಮ ಅತ್ತೆ ತಮ್ಮ ಕತ್ತಿಯನ್ನು ಹೊಡೆದುಕೊಂಡಿದ್ದಾರೆ ಎಂದೇ ಅವರು ಮೊದಲು ನಂಬಿದ್ದರು. ಠಾಣೆಯ ಬೆಂಚಿನ ಮೇಲೆ ಇಬ್ಬರೂ ಮುಖ ತಿರುಗಿಸಿಕೊಂಡು ಕೂತಿದ್ದರು. ಅರ್ಧ ಗಂಟೆಯ ಮೇಲೆ ಅತ್ತೆಯೇ ಮಾತು ತೆಗೆದು, ನಿಮ್ಮ ಮನೆಯಲ್ಲಿ ಕತ್ತಿ ತೊಳೆಯುವುದೇ ಇಲ್ಲವೇ, ಹಕ್ಕಿ ಅಷ್ಟು ಚೆನ್ನಾಗಿ ಹೇಗೆ ಉಳಿಯಿತು ಎಂದು ಕೇಳಿದರು. ಮೇಷ್ಟ್ರು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದೆವಮ್ಮ ಎಂದರು.

"ಅದಕ್ಕೇ," ಎಂದರು ಅತ್ತೆ.

ಮಳೆಗಾಲ ಕಳೆಯಿತು. ಎರಡನೇ ನವರಾತ್ರಿ ಬಂತು. ಹಬ್ಬಕ್ಕಾದರೂ ಕತ್ತಿ ಸಿಗುತ್ತದೆಯೇ ಎಂದು ಅತ್ತೆ ದಿನಕ್ಕೆರಡು ಸಲ ಕೇಳುತ್ತಿದ್ದರು. ಅವರ ಬಲಗೈಯ ಬೆರಳುಗಳು ಆ ವರ್ಷ ಮಡಚಲಾಗದಂತೆ ಸೆಟೆದುಕೊಳ್ಳತೊಡಗಿದ್ದವು. ಇನ್ನೊಂದು ವರ್ಷ ತಡವಾದರೆ ತಿಕ್ಕುವುದು ತಮ್ಮ ಕೈಲಿ ಆಗುವುದಿಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಟೂತ್‌ಪೇಸ್ಟ್ ಟ್ಯೂಬನ್ನು ಅಂಗೈಯಿಂದ ಒತ್ತುವುದನ್ನು ನಾನು ನೋಡಿದ್ದೆ. ಆಯುಧಪೂಜೆಯ ಬೆಳಿಗ್ಗೆ, ಕೊನೆಯ ಪ್ರಯತ್ನವೆಂದು, ಅವರನ್ನು ಕರೆದುಕೊಂಡು ಠಾಣೆಗೆ ಹೋದೆ.

ಠಾಣೆಗೆ ಮಾವಿನ ತೋರಣ ಕಟ್ಟಿದ್ದರು. ಜೀಪಿಗೆ ಬಾಳೆಕಂದು, ಬಂದೂಕುಗಳಿಗೆ ಹೂವು. ಒಳಗೆ ಉದ್ದ ಬೆಂಚಿನ ಮೇಲೆ ಕೆಂಪು ಬಟ್ಟೆ ಹಾಸಿ, ಠಾಣೆಯ ಆಯುಧಗಳ ಸಾಲಿನಲ್ಲೇ ಮಾಲ್‌ಖಾನೆಯ ಕತ್ತಿ, ಬಾಕುಗಳನ್ನೂ ಜೋಡಿಸಿದ್ದರು. ಮಾಲ್‌ಖಾನೆ ಎಂದರೆ ಪ್ರಕರಣಗಳಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಕೋಣೆ. ಅಲ್ಲಿನದನ್ನು ಆದೇಶವಿಲ್ಲದೆ ಯಾರೂ ಮುಟ್ಟುವಂತಿಲ್ಲ, ಸ್ವರೂಪ ಬದಲಿಸುವಂತಿಲ್ಲ. ಏಳು ತಿಂಗಳಿಂದ ನಮಗೆ ಅದನ್ನೇ ಹೇಳುತ್ತ ಬಂದಿದ್ದರು. ಈಗ ನಮ್ಮ ಕತ್ತಿಯನ್ನು, ಮೇಷ್ಟ್ರ ಕತ್ತಿಯನ್ನು, ಮೂರನೆಯದನ್ನು ಹಿತ್ತಾಳೆ ಹೊಳಪಿಸುವ ಪೇಸ್ಟ್ ಹಚ್ಚಿ ತಿಕ್ಕಿದ್ದರು. ಮೂರಕ್ಕೂ ವಿಭೂತಿಯ ಪಟ್ಟೆ, ಕುಂಕುಮ, ಸೇವಂತಿಗೆ. ಕಟ್ಟಿದ್ದ ಚೀಟಿಗಳು ಒದ್ದೆಯಾಗುತ್ತವೆಂದು ಬಿಚ್ಚಿ ಒಂದು ತಟ್ಟೆಯಲ್ಲಿ ಹಾಕಿಟ್ಟಿದ್ದರು.

ಯಾವ ಚೀಟಿ ಯಾವ ಕತ್ತಿಯದು ಎಂದು ಕೇಳಿದೆ. ನನ್ನ ದನಿ ಏರಿತ್ತು. ರೈಟರ್ ಹಣೆಯಲ್ಲೂ ಕುಂಕುಮವಿತ್ತು. ಅವರು ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು.

"ಕೇಸಿನ ಮಾಲು ಅಂತ ಆಯುಧಾನ ಪೂಜೆ ಇಲ್ದೆ ಬುಡಕ್ಕಾಯ್ತದಾ ಕಣಮ್ಮ? ನಿಮ್ ಕತ್ತಿಗೆ ಹಬ್ಬ ತಪ್ಪಿಸಿಲ್ಲ ನಾವು."

ಅವರು ಅದನ್ನು ನಿಜವಾಗಿಯೂ ಉಪಕಾರವೆಂದೇ ತಿಳಿದಿದ್ದರು. ಅತ್ತೆ ಬೆಂಚಿನ ಹತ್ತಿರ ಹೋದರು. ಕೈ ಮುಗಿದರು. ತಮ್ಮ ಕತ್ತಿಯ ಮೇಲಿದ್ದ ಹೂವನ್ನು ಸ್ವಲ್ಪ ಸರಿಸಿ ಮತ್ತೆ ಇಟ್ಟರು. ಮುಟ್ಟಬೇಡಿ ಅಜ್ಜಿ, ಕೇಸಿನ ಮಾಲು ಎಂದು ಇನ್ನೊಬ್ಬ ಕಾನ್‌ಸ್ಟೆಬಲ್ ತಡೆದರು. ನಮಗೆ ಕಡ್ಲೆಪುರಿ, ಸಿಹಿ ಕೊಟ್ಟು ಕಳಿಸಿದರು. ಆಟೊದಲ್ಲಿ ಅತ್ತೆ ಒಂದೇ ಮಾತು ಆಡಿದರು.

"ಎಣ್ಣೆ ಒರೆಸಿಲ್ಲ ಕಣೋ. ತುಕ್ಕು ಹಿಡಿಯತ್ತೆ."

ಆ ವಾರವೇ ವಕೀಲರನ್ನು ಹಿಡಿದೆ. ನ್ಯಾಯಾಲಯದ ಸುಪರ್ದಿಯಿಂದ ವಸ್ತುವನ್ನು ಬಿಡಿಸಿಕೊಳ್ಳುವ ಅರ್ಜಿ ಹಾಕಿಸಿದೆ. ವಕೀಲರು ದೂರು ಓದಿ ಹಣೆ ಒತ್ತಿಕೊಂಡರು. ಹಕ್ಕಿ ಎಂದು ಬರೆದಿರುವುದನ್ನು ಇಟ್ಟುಕೊಂಡು ಹಕ್ಕಿಯಿಲ್ಲದ್ದನ್ನು ಕೇಳುವುದು ಹೇಗೆ, ಇದಲ್ಲದೆ ಬೇರೆ ಏನಾದರೂ ಗುರುತಿದೆಯೇ ಎಂದರು. ಒರೆ ಇದೆ ಎಂದು ಅತ್ತೆ ಮೂಲೆಯಿಂದ ಹೇಳಿದರು. ದೂರು ಬರೆದ ದಿನದಿಂದ ಅವರು ಅದನ್ನು ಹೇಳುತ್ತಿರುವುದು ಎಷ್ಟನೆಯ ಸಲವೋ. ವಕೀಲರು ನನ್ನ ಮುಖ ನೋಡಿದರು. ದೂರಿನಲ್ಲಿ ಒರೆ ಯಾಕೆ ಇಲ್ಲ ಎಂದರು. ಕಳುವಾಗಿರಲಿಲ್ಲ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಒರೆಯನ್ನು ಹಾಜರುಪಡಿಸಲು ಅನುಮತಿ ಕೇಳುವ ಇನ್ನೊಂದು ಅರ್ಜಿ ಬರೆದರು.

ಸಂಕ್ರಾಂತಿ ಕಳೆದ ಮೇಲೆ ವಿಚಾರಣೆಗೆ ಬಂತು. ಅತ್ತೆ ಒರೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಎದೆಗವುಚಿಕೊಂಡು ಬಂದಿದ್ದರು. ನ್ಯಾಯಾಲಯದ ಬಾಗಿಲಲ್ಲಿ ತಪಾಸಣೆಯವರು ಅದನ್ನು ಬಿಚ್ಚಿಸಿ, ಒಳಗೆ ಕತ್ತಿ ಇಲ್ಲವೇ ಎಂದು ತಲೆಕೆಳಗು ಮಾಡಿ ಅಲುಗಿಸಿದರು. ಇದ್ದಿದ್ದರೆ ನಾವು ಇಲ್ಲಿಗೆ ಯಾಕೆ ಬರುತ್ತಿದ್ದೆವು ಎಂದು ಅತ್ತೆ ಕೇಳಿದರು.

ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಡತವನ್ನು ಪೂರ್ತಿ ಓದಿದ್ದರು. ಒಂದೂಕಾಲು ವರ್ಷದಲ್ಲಿ ನಾವು ಕಂಡವರಲ್ಲಿ ಪೂರ್ತಿ ಓದಿದವರು ಅವರೊಬ್ಬರೇ. ದೂರಿನ ವಿವರ ತಪ್ಪು ಎಂದು ಒಪ್ಪುತ್ತೀರಾ ಎಂದು ನನ್ನನ್ನು ಕೇಳಿದರು. ಒಪ್ಪುತ್ತೇನೆ ಎಂದೆ. ಮೇಷ್ಟ್ರೂ ಅಲ್ಲೇ ಇದ್ದರು. ಹಕ್ಕಿಯ ಕತ್ತಿ ತಮ್ಮದು, ಸವೆದದ್ದು ಆ ತಾಯಿಯದು ಎಂದು ಅವರೂ ಹೇಳಿದರು.

ನ್ಯಾಯಾಧೀಶರು ಮೊದಲು ಹಕ್ಕಿಯ ಕತ್ತಿಯನ್ನು ಒರೆಗೆ ಹಾಕಲು ಹೇಳಿದರು. ಅದು ಅಗಲ, ಬಾಯಲ್ಲೇ ನಿಂತಿತು. ಮೂರನೆಯದು ಹೆಚ್ಚು ಬಾಗಿದ್ದು; ಅರ್ಧದಲ್ಲಿ ಸಿಕ್ಕಿಕೊಂಡಿತು. ನಂತರ ಸವೆದ ಕತ್ತಿ. ಸಲೀಸಾಗಿ ಇಳಿಯುತ್ತ ಹೋಗಿ, ಕೊನೆಗೆ ನಾಲ್ಕು ಬೆರಳಷ್ಟು ಉಳಿದಾಗ ಅದೂ ನಿಂತಿತು. ಠಾಣೆಯಿಂದ ಕತ್ತಿ ತಂದಿದ್ದ ಕಾನ್‌ಸ್ಟೆಬಲ್ ಒತ್ತಿದರು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದರು. ವಕೀಲರು ನೆಲ ನೋಡುತ್ತಿದ್ದರು. ನಾನೂ ನೋಡಿದೆ.

"ಒತ್ತಬೇಡಪ್ಪಾ, ಮರ ಸೀಳತ್ತೆ," ಎಂದರು ಅತ್ತೆ. "ಬಲಕ್ಕೆ ಒಂಚೂರು ವಾಲಿಸು. ಹಾಂ. ಈಗ ಬುಡು, ಅದೇ ಹೋಗತ್ತೆ."

ಕಾನ್‌ಸ್ಟೆಬಲ್ ವಾಲಿಸಿ ಕೈ ಸಡಿಲಿಸಿದರು. ಕತ್ತಿ ತನ್ನ ತೂಕಕ್ಕೇ ಇಳಿದು, ಹಿಡಿ ಒರೆಯ ಬಾಯಿಗೆ ತಾಗಿ ಟಕ್ಕೆಂದಿತು. ನ್ಯಾಯಾಧೀಶರು ಒರೆಯನ್ನು ತರಿಸಿಕೊಂಡು, ಕತ್ತಿ ತೆಗೆದು, ತಾವೇ ಒಮ್ಮೆ ವಾಲಿಸಿ ಹಾಕಿ ನೋಡಿದರು.

ಆದೇಶ ಕೈಗೆ ಬರಲು, ಅದರಲ್ಲಿ ಕತ್ತಿ ಎನ್ನುವ ಕಡೆ ಬಾಕು ಎಂದಾಗಿದ್ದದ್ದನ್ನು ತಿದ್ದಿಸಲು, ತಿದ್ದಿದ್ದನ್ನು ಠಾಣೆಗೆ ಮುಟ್ಟಿಸಲು ಯುಗಾದಿ ಕಳೆಯಿತು. ಷರತ್ತುಗಳು ಮೂರು. ವಿಚಾರಣೆ ಮುಗಿಯುವವರೆಗೆ ಕತ್ತಿಯನ್ನು ಮಾರಬಾರದು. ಕರೆದಾಗ ಹಾಜರುಪಡಿಸಬೇಕು. ಅದರ ಸ್ವರೂಪವನ್ನು ಬದಲಿಸಬಾರದು. ಮೂರನೆಯದನ್ನು ಓದಿದಾಗ ಅತ್ತೆ, ಹುಣಸೆಹಣ್ಣು ಹಚ್ಚಿದರೆ ಸ್ವರೂಪ ಬದಲಾದಂತೆಯೇ ಎಂದು ಕೇಳಿದರು. ವಕೀಲರು ಸ್ವಲ್ಪ ಯೋಚಿಸಿ, ಅರವತ್ತು ವರ್ಷಕ್ಕೆ ಬದಲಾಗುವುದು ಒಂದು ಸಲಕ್ಕೆ ಕಾಣುವುದಿಲ್ಲ, ಆದರೂ ನನ್ನನ್ನು ಕೇಳಿದ್ದೀರೆಂದು ಎಲ್ಲೂ ಹೇಳಬೇಡಿ ಎಂದರು.

ಈ ವರ್ಷ ಆಯುಧಪೂಜೆಯ ಹಿಂದಿನ ದಿನ ಅತ್ತೆ ಇಸ್ತ್ರಿ ಅಂಗಡಿಯಿಂದ ಬೂದಿ ತಂದರು. ಬೆರಳು ಮಡಚದಿದ್ದರಿಂದ ಹುಣಸೆಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು ತಿಕ್ಕಿದರು. ಎಂದಿಗಿಂತ ದುಪ್ಪಟ್ಟು ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಕೈ ಚಾಚಿದಾಗ, ಬೇಡ ಕಣೋ, ನೀನು ಕಾವಲಿರು ಎಂದರು. ಕತ್ತಿ ಒಣಗುವವರೆಗೆ ಒಗೆಯುವ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅವರು ಎಣ್ಣೆ ಬಟ್ಟಲು ತಂದು ಒರೆಸಿದರು. ಮರುದಿನ ಪೂಜೆ ಮಾಡಿದರು.

ಕಳೆದ ಮಂಗಳವಾರ ಸಮನ್ಸ್ ಬಂದಿದೆ. ಕಳ್ಳತನದ ಪ್ರಕರಣದಲ್ಲಿ ಸಾಕ್ಷಿ ನುಡಿಯಲು ಅತ್ತೆ ಮುಂದಿನ ತಿಂಗಳು ಹಾಜರಾಗಬೇಕು, ಕತ್ತಿಯನ್ನು ತರಬೇಕು. ಅದರಲ್ಲಿ ವಸ್ತುವಿನ ವಿವರ ಹೀಗಿದೆ: ಕತ್ತಿ ಒಂದು, ಹಿಡಿಯ ಮೇಲೆ ಬೆಳ್ಳಿಯ ಗಂಡಭೇರುಂಡ. ಒರೆಯ ಉಲ್ಲೇಖವಿಲ್ಲ. ಅತ್ತೆ ಒರೆಯನ್ನು ಪಂಚೆಯಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದಾರೆ.